ಕಾಶಿಬಾಯಿಯ ಬಟ್ಟಲಗಣ್ಣಿ

ಬೋರಗಾಂವದಲ್ಲಿ ಕರೆಂಟು ಹೋದರೆ ಊರೆಲ್ಲ ಶಾಪ ಹಾಕುತ್ತದೆ. ಕಾಶಿಬಾಯಿ ಮಾತ್ರ ಒಳಗೊಳಗೇ ಹಿಗ್ಗುತ್ತಾಳೆ. ಪಾವರ್‌ಲೂಮುಗಳ ಖಟಖಟ ನಿಂತಿತೆಂದರೆ ಅವಳ ಕೈಗೆ ಬಿಡುವು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗೋಡೆಯ ಗೂಡಿನಲ್ಲಿ ಟವೆಲ್ಲು ಸುತ್ತಿಟ್ಟ ಟ್ಯಾಬ್ ತೆಗೆದು, ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಾಳೆ. ಐವತ್ತು ದಾಟಿದ ಹೆಂಗಸು, ಮೊಣಕಾಲು ನೋವು, ಮೂಗಿನ ತುದಿಗೆ ಕನ್ನಡಕ. ಮಾಡುವುದೇನಪ್ಪಾ ಅಂದರೆ, ಜಪಾನಿನ ಕಾರ್ಟೂನು ಹುಡುಗಿಯರಿಗೆ ಬಣ್ಣ ತುಂಬುವುದು! ನಗುವವರು ನಗಲಿ. ಅವಳ ಎದುರಿಗೆ ನಕ್ಕವರು ಎರಡನೆಯ ಸಲ ನಗುವ ಧೈರ್ಯ ಮಾಡಿಲ್ಲ.

ಈ ಚಟ ಅಂಟಿಸಿದ್ದು ಮಗಳು ತ್ರಿಶಲಾ. ಹೈಸ್ಕೂಲಿನಿಂದಲೇ ಅವಳಿಗೆ ಅನಿಮೆ ಹುಚ್ಚು. ಜಪಾನಿನ ಆ ಕಾರ್ಟೂನು ನೋಡುವುದು, ಮೆಚ್ಚಿದ ಪಾತ್ರವನ್ನು ಟ್ಯಾಬಿನಲ್ಲಿ ತಾನೇ ಬರೆದು ಬಣ್ಣ ಹಚ್ಚಿ ಗೆಳತಿಯರಿಗೆ ಕಳಿಸುವುದು. ಅದಕ್ಕೆ ಫ್ಯಾನ್ ಆರ್ಟ್ ಅನ್ನುತ್ತಾರಂತೆ. ಅಥಣಿಗೆ ಮದುವೆಯಾಗಿ ಹೋಗುವಾಗ ಮೂಲೆ ಒಡೆದ ಆ ಟ್ಯಾಬನ್ನೂ ಅದರ ಪೆನ್ನನ್ನೂ ತವರಲ್ಲೇ ಬಿಟ್ಟು ಹೋದಳು. ಮಗಳ ನೆನಪಾದಾಗಲೆಲ್ಲ ಕಾಶಿಬಾಯಿ ಅದನ್ನು ತೆರೆದು ನೋಡುವಳು. ಒಂದು ಮಧ್ಯಾಹ್ನ ಬರೀ ಗೆರೆಯಲ್ಲೇ ನಿಂತುಹೋದ ಚಿತ್ರವೊಂದು ಕಣ್ಣಿಗೆ ಬಿತ್ತು. ಬೆನ್ನಿಗೆ ಕತ್ತಿ ಕಟ್ಟಿಕೊಂಡು ಸೇತುವೆಯ ಮೇಲೆ ನಿಂತ ಹುಡುಗಿ. ಅರ್ಧ ಮುಖವೆಲ್ಲ ಕಣ್ಣೇ. ಬಣ್ಣ ಮಾತ್ರ ಇಲ್ಲ. ಅಯ್ಯೋ ಪಾಪ, ಅನ್ನಿಸಿಬಿಟ್ಟಿತು ಅವಳಿಗೆ.

ಅನ್ನಿಸದೆ ಇರುತ್ತದೆಯೇ? ಮದುವೆಯಾಗಿ ಬಂದಾಗಿನಿಂದ ಕಾಶಿಬಾಯಿ ಕಂಡದ್ದು ಬಿಳಿ ನೂಲು, ಬಿಳಿ ಬಟ್ಟೆ. ಗಂಡ ಪಾರಿಸನ ಮಗ್ಗಗಳಲ್ಲಿ ನೇಯುವುದು ಬಣ್ಣ ಕಾಣದ ಕೋರಾ ಬಟ್ಟೆ. ವ್ಯಾಪಾರಿ ಬಂದು ಥಾನುಗಟ್ಟಲೆ ಹೇರಿಕೊಂಡು ಹೋಗುತ್ತಾನೆ. ಬಣ್ಣ ಹಾಕುವುದು ಇನ್ನೆಲ್ಲೋ. ತಾನು ಸುತ್ತಿದ ನೂಲು ಕೊನೆಗೆ ಕೆಂಪಾಯಿತೋ ಹಸಿರಾಯಿತೋ ಅವಳಿಗೆ ಗೊತ್ತೇ ಆಗುವುದಿಲ್ಲ. ನಿನಗೆ ಯಾವ ಬಣ್ಣ ಬೇಕು ಅಂತ ಕೇಳಿದವರೂ ಇಲ್ಲ. ಅವಳ ಮದುವೆಯ ಸೀರೆಯನ್ನೂ ಅತ್ತೆ ಮತ್ತು ಗಂಡನ ಅಕ್ಕ ಚಂಪಾಬಾಯಿ ಸೇರಿ ನಿಪ್ಪಾಣಿಯಲ್ಲಿ ಆರಿಸಿ ತಂದಿದ್ದರು. ನೆನೆದರೆ ಇವತ್ತಿಗೂ ಅವಳಿಗೆ ಸಿಟ್ಟು ಬರುತ್ತದೆ.

ಅಥಣಿಯಿಂದಲೇ ವಿಡಿಯೋ ಕಾಲ್ ಮಾಡಿ ತ್ರಿಶಲಾ ಪಾಠ ಶುರು ಮಾಡಿದಳು.

"ಅವ್ವಾ, ಎಲ್ಲಾ ಒಂದ ಹಾಳಿ ಮ್ಯಾಲ ಬಳದ್ರ ಕೆಲಸ ಕೆಡತೈತಿ. ಗಾಜಿನ ಹಾಳಿ ಒಂದರ ಮ್ಯಾಲೊಂದ ಇಟ್ಟಂಗ ತಿಳಕೋ, ಅದಕ್ಕ ಲೇಯರ್ ಅಂತಾರ. ಗೆರಿ ಮ್ಯಾಲಿನ ಹಾಳ್ಯಾಗ. ಅದರ ಕೆಳಗ ಮೈಬಣ್ಣಕ್ಕ ಒಂದ, ಕೂದಲಕ್ಕ ಒಂದ, ಅಂಗಿಗೆ ಒಂದ. ಎಲ್ಲ್ಯರ ತಪ್ಪಿದ್ರ ಅದೊಂದ ಹಾಳಿ ಅಳಿಸು. ಉಳಿದದ್ದಕ್ಕ ಧಕ್ಕಿ ಇಲ್ಲ."

"ಸಂಸಾರಕ್ಕೂ ಹಿಂತಾ ಹಾಳಿ ಇದ್ದಿದ್ರ ಛಲೋ ಇತ್ತ ನೋಡವಾ," ಅಂದಳು ಕಾಶಿಬಾಯಿ.

ಮೊದಲು ಸಪಾಟು ಬಣ್ಣ ತುಂಬಬೇಕು, ನೆರಳಿಲ್ಲ ಬೆಳಕಿಲ್ಲ. ಆಮೇಲೆ ಆ ಬಣ್ಣಕ್ಕೆ ಇನ್ನೊಂದು ಲೇಯರ್ ಗಂಟುಹಾಕಬೇಕು. ಆಗ ನೆರಳು ಎಷ್ಟೇ ಒರಟಾಗಿ ಎಳೆದರೂ ಕೂದಲಿನದು ಕೂದಲಲ್ಲೇ ಉಳಿಯುತ್ತದೆ, ಕೆನ್ನೆಗೆ ಹರಿಯುವುದಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಕಣ್ಣಿನ ಪಾಪೆಗೆ ಮೇಲ್ಗಡೆ ಗಾಢ, ಕೆಳಗಡೆ ತಿಳಿ, ಕೊನೆಗೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಇಟ್ಟ ಕ್ಷಣ ಗೊಂಬೆ ತಿರುಗಿ ನೋಡುತ್ತದೆ. ಮೊದಲ ಸಲ ಚುಕ್ಕೆ ಇಟ್ಟಾಗ ಕಾಶಿಬಾಯಿ "ಅಯ್ಯವ್ವಾ!" ಅಂತ ಟ್ಯಾಬನ್ನೇ ದೂರ ಹಿಡಿದಿದ್ದಳು. ಆವತ್ತೇ ಆ ಚಿತ್ರದ ಹುಡುಗಿಗೆ ಬಟ್ಟಲಗಣ್ಣಿ ಅಂತ ಹೆಸರಿಟ್ಟಳು.

ಒಂದೇ ಒಂದು ಕಡೆ ಅವಳ ಕೈ ಹಟ ಹಿಡಿಯಿತು. ನೆರಳು ಅಂದರೆ ಕರಿ ಬಣ್ಣ.

"ಅವ್ವಾ, ಆಕಿ ಮಾರಿಗೆ ಇದ್ದಿಲಿ ಪುಡಿ ಬಡದಂಗ ಆಗೇತಿ!" ತ್ರಿಶಲಾ ಹಣೆ ಚಚ್ಚಿಕೊಂಡಳು. "ನೆರಳಿಗೆ ಕರಿ ಹಾಕಬ್ಯಾಡ. ಮೈಗೆ ಕೆಂಪ ಬೆರತ ಕಂದ ಹಾಕು, ಬಿಳಿ ಕೂದಲಕ್ಕ ನೀಲಿ ಹಾಕು. ನಂಬಿಕಿ ಇಲ್ಲಂದ್ರ ಎದ್ದ ಹೋಗಿ ನಿಮ್ಮ ಬಿಳಿ ಬಟ್ಟಿ ನೋಡು."

ಕಾಶಿಬಾಯಿ ಎದ್ದು ಹೋಗಿ ಕಿಟಕಿಯ ಹತ್ತಿರ ಪೇರಿಸಿದ್ದ ಬಟ್ಟೆಯ ಥಾನುಗಳನ್ನು ನೋಡಿದಳು. ಮಡಿಕೆಗಳ ಸಂದಿಯಲ್ಲಿ ನಿಜಕ್ಕೂ ನೀಲಿ ಇತ್ತು. ಇಷ್ಟು ವರ್ಷ ಇಲ್ಲೇ ಕೂತಿದ್ದೆಯಲ್ಲೇ ನೀನು, ಅಂತ ಅದಕ್ಕೆ ಬೈದಳು. ಆದರೂ ಕೈ ಅನ್ನುವುದು ಮಾತು ಕೇಳಬೇಕಲ್ಲ! ಅವಸರವಾದಾಗಲೆಲ್ಲ ಪೆನ್ನು ತಾನಾಗಿ ಕರಿ ಬಣ್ಣಕ್ಕೇ ಹೋಗುತ್ತಿತ್ತು.

ಮಗಳು ಅವಳನ್ನು ಒಂದು ವಾಟ್ಸಾಪ್ ಗುಂಪಿಗೂ ಸೇರಿಸಿದಳು. ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆಯ ಅನಿಮೆ ಹುಚ್ಚಿನ ಮಂದಿಯೆಲ್ಲ ಅಲ್ಲಿ. ಹಾರೂಗೇರಿಯ ಸಾರಿಕಾ ಅದರ ಯಜಮಾನಿ. ಕಾಲೇಜಿನ ಹುಡುಗಿ, ಗೆರೆ ಬರೆಯುವುದರಲ್ಲಿ ಗಟ್ಟಿಗಿತ್ತಿ. ಕಾಶಿಬಾಯಿ ತನ್ನ ಬಟ್ಟಲಗಣ್ಣಿಯನ್ನು ಹಾಕಿದ ದಿನ ಗುಂಪಿಗೆ ಗುಂಪೇ ಬಿದ್ದು ಬಿದ್ದು ನಕ್ಕಿತು. ಯಾಕೆಂದರೆ ಆ ಜಪಾನಿ ಹುಡುಗಿಯ ಹಣೆಯ ಮೇಲೆ ದುಂಡಗೆ ಕುಂಕುಮವಿತ್ತು.

"ಮಾಂವ್ಶಿ, ಮೂಲ ಕಾರ್ಟೂನದಾಗ ಆಕಿಗೆ ಕುಂಕುಮ ಇಲ್ರಿ," ಅಂತ ಸಾರಿಕಾ ಬರೆದಳು. ಗುಂಪಿಗೆಲ್ಲ ಕಾಶಿಬಾಯಿ ಮಾಂವ್ಶಿ, ಅಂದರೆ ಚಿಕ್ಕಮ್ಮ.

"ನಾ ಬಣ್ಣ ಹಚ್ಚಿದ್ರ ಬೋಳ ಹಣಿ ಇರಂಗಿಲ್ಲ. ಬ್ಯಾಡಾದ್ರ ನೀವ ಹಚ್ಚಿಕೊಳ್ರಿ," ಅಂತ ಕಾಶಿಬಾಯಿ ವಾಯ್ಸ್ ಮೆಸೇಜ್ ಕಳಿಸಿದಳು.

ಕೆಲವರು ಮುನಿಸಿಕೊಂಡರು, ಕೆಲವರು ಇನ್ನಷ್ಟು ನಕ್ಕರು. ಅವಳು ಅಳಿಸಲಿಲ್ಲ. ಅದರ ಮುಂದಿನ ಚಿತ್ರಕ್ಕೆ ಹಸಿರು ಬಳೆಯನ್ನೂ ತೊಡಿಸಿದಳು. ಬರುಬರುತ್ತ ಏನಾಯಿತೆಂದರೆ, ಕುಂಕುಮ ಕಂಡರೆ ಸಾಕು, ಇದು ಬೋರಗಾಂವದ ಕಾಶಿ ಮಾಂವ್ಶಿಯದು ಅಂತ ಎಲ್ಲರೂ ಗುರುತು ಹಿಡಿಯತೊಡಗಿದರು. ಗುಂಪಿನವರೆಲ್ಲ ಸೇರಿ ದೀಪಾವಳಿಗೆ ಚಿತ್ರಗಳ ಪುಸ್ತಕ ಅಚ್ಚು ಹಾಕಿಸುವುದೆಂದು ತೀರ್ಮಾನವಾದಾಗ ಸಾರಿಕಾಳೇ ಫೋನು ಮಾಡಿದಳು. "ಮಾಂವ್ಶಿ, ಮುಖಪುಟಕ್ಕ ನಿಮ್ಮ ಬಟ್ಟಲಗಣ್ಣಿನ. ಗೆರಿ ನಂದು. ಬಣ್ಣ ನಿಮ್ದ. ಕುಂಕುಮ ಇರಲಿ." ಫೋನಿಟ್ಟ ಮೇಲೆ ಕಾಶಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹುಟ್ಟಿದಾಗಿನಿಂದ ಯಾರಾದರೂ ಅವಳ ಬಣ್ಣವೇ ಬೇಕು ಅಂತ ಕೇಳಿದ್ದು ಅದೇ ಮೊದಲು.

ಚಂಪಾಬಾಯಿಗೆ ಇದೆಲ್ಲ ಕಣ್ಣುರಿ. ಊರಲ್ಲೇ ಮದುವೆಯಾಗಿ ಪಕ್ಕದ ಮನೆಯಲ್ಲೇ ಇರುವ ನಾದಿನಿ; ತಮ್ಮನ ಮನೆಯ ಒಗ್ಗರಣೆಯ ವಾಸನೆಗೂ ಲೆಕ್ಕ ಕೇಳುವ ಹೆಂಗಸು. "ಜೈನರ ಮನ್ಯಾಗ ಕತ್ತಿ ಹಿಡದಾಕಿನ್ನ ಕುಂದರಸ್ಕೊಂಡ ಪೂಜಿ ಮಾಡ್ತೀಯೇನ?" ಅಂತ ಮೂಗು ಮುರಿದಿದ್ದಳು.

"ಕತ್ತಿ ಒರಿಯೊಳಗ ಐತಿ, ಕಣ್ಣ ತಗದ ನೋಡ್ರಿ ಅಕ್ಕಾ," ಅಂದಿದ್ದಳು ಕಾಶಿಬಾಯಿ. ಅದು ನಿಜ. ಕತ್ತಿ ಒರೆಯಿಂದ ಹೊರಬಂದ ಚಿತ್ರಕ್ಕೆ ಅವಳು ಬಣ್ಣ ತುಂಬುವುದೇ ಇಲ್ಲ.

ಆದರೆ ಚಂಪಾಬಾಯಿ ಕಾಯುತ್ತಿದ್ದ ದಿನವೂ ಬಂತು. ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಮುಳುಗಿದ ಮೇಲೆ ತುತ್ತು ಮುಟ್ಟುವಂತಿಲ್ಲ. ಆ ಸಂಜೆ ಕಾಶಿಬಾಯಿ ಬಟ್ಟಲಗಣ್ಣಿಯ ಕೂದಲಿಗೆ ಸಂಜೆಯ ಬೆಳಕು ಹಚ್ಚುತ್ತಿದ್ದಳು. ಬಣ್ಣ ಸರಿ ಸಿಗದೆ ಬಾಗಿಲಾಚೆ ನೋಡಿದರೆ ಕಬ್ಬಿನ ಗದ್ದೆಯ ಮೇಲೆ ಸೂರ್ಯ ಇಳಿಯುತ್ತಿದ್ದ. ಅವನನ್ನು ನೋಡುವುದು, ಒಂದು ಗೆರೆ ಎಳೆಯುವುದು. ಮತ್ತೆ ನೋಡುವುದು, ಮತ್ತೆ ಎಳೆಯುವುದು. ಹಳದಿ ಕೇಸರಿಯಾಯಿತು, ಕೇಸರಿ ಕೆಂಪಾಯಿತು, ಪೂರ್ತಿ ಆರಿತು. ತಲೆಯೆತ್ತಿದರೆ ಪಾರಿಸ ಕೈಕಾಲು ತೊಳೆದುಕೊಂಡು ಎದುರಿಗೆ ನಿಂತಿದ್ದ.

"ಹೊತ್ತ ಮುಣಗಿತು," ಅಂದ.

"ನೋಡಿದ್ನಿರೀ! ಎಷ್ಟ ಛಂದ ಮುಣಗಿತು!" ಅಂದಳು.

ಅಂದ ಮೇಲೆ ಒಲೆಯ ಕಡೆ ನೋಡಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಪಾರಿಸ ಬರಿಹೊಟ್ಟೆಯಲ್ಲೇ ಹಾಸಿಗೆ ಬಿಡಿಸಿಕೊಂಡು ಮಲಗಿದ. ಬೆಳಗಾಗುವಷ್ಟರಲ್ಲಿ, ಗೊಂಬೆಗೋಸ್ಕರ ಗಂಡನನ್ನು ಉಪವಾಸ ಕೆಡವಿದಳಂತೆ ಅನ್ನುವ ಸುದ್ದಿ ಓಣಿ ತುಂಬ ಹಬ್ಬಿತ್ತು. ಅಕ್ಕಿ ತೊಳೆಯಲು ಆ ಮನೆಯಲ್ಲಿ ಇನ್ನೂ ಎರಡು ಕೈ ಇದ್ದವು. ಅದನ್ನು ಯಾರೂ ಆಡಲಿಲ್ಲ.

ಅಷ್ಟರಲ್ಲಿ ಚಾತುರ್ಮಾಸ ಬಂತು. ಮಳೆಗಾಲದ ನಾಲ್ಕು ತಿಂಗಳು ಮುನಿಮಹಾರಾಜರು ಒಂದೇ ಊರಿನಲ್ಲಿ ನಿಲ್ಲುವ ಕಾಲ. ಆ ವರ್ಷ ಬೋರಗಾಂವದ ಭಾಗ್ಯ. ಬಸದಿಯ ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ತಮಗೆ ಪ್ರಿಯವಾದದ್ದೊಂದನ್ನು ನಾಲ್ಕು ತಿಂಗಳು ಬಿಡುವೆನೆಂದು ನಿಯಮ ತೆಗೆದುಕೊಳ್ಳುತ್ತಾರೆ. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರೆ ಮುಗಿಯಿತು, ಆ ನಿಯಮ ಮುರಿಯುವಂತಿಲ್ಲ. ಒಬ್ಬಳು ಸಕ್ಕರೆ ಬಿಟ್ಟಳು, ಒಬ್ಬಳು ಟಿವಿ ಧಾರಾವಾಹಿ ಬಿಟ್ಟಳು. ಚಂಪಾಬಾಯಿ ಎದ್ದು ಕೈ ಮುಗಿದಳು.

"ನಮೋಸ್ತು ಮಹಾರಾಜ್ರ. ನಮ್ಮ ತಮ್ಮನ ಹೆಂಡತಿ ಕಾಶಿಬಾಯಿ ಈ ನಾಕ ತಿಂಗಳ ಟ್ಯಾಬ್ ತ್ಯಾಗ ಮಾಡ್ತಾಳ್ರಿ."

ಕಾಶಿಬಾಯಿ ತಿಂಗಳು ಎಣಿಸಿದಳು. ದೀಪಾವಳಿಯ ಪುಸ್ತಕ, ಮುಖಪುಟ, ಸಾರಿಕಾ ಕಳಿಸಿದ ಗೆರೆ, ಎಲ್ಲ ಆ ನಾಲ್ಕು ತಿಂಗಳಲ್ಲೇ ಇದ್ದವು. ಹೆಂಗಸರೆಲ್ಲ ತಿರುಗಿ ನೋಡಿದರು. ಗಂಡಸರ ಸಾಲಿನಲ್ಲಿ ಪಾರಿಸ ನೆಲ ನೋಡುತ್ತ ಕೂತ. ಮಹಾರಾಜರ ಕೈ ಪಿಂಛಿಯ ಕಡೆ ಹೋಯಿತು.

"ಎತ್ತಬ್ಯಾಡ್ರಿ ಮಹಾರಾಜ್ರ!" ಕಾಶಿಬಾಯಿ ಎದ್ದು ನಿಂತೇಬಿಟ್ಟಿದ್ದಳು. "ನಾ ಅದನ್ನ ಬಿಡಂಗಿಲ್ರಿ."

"ಕುಂದರಲೇ ಕಾಶಿ, ಮರ್ಯಾದಿ ತಗೀಬ್ಯಾಡ," ಅಂತ ಚಂಪಾಬಾಯಿ ಸೆರಗು ಜಗ್ಗಿದಳು. ಕಾಶಿಬಾಯಿ ಸೆರಗು ಬಿಡಿಸಿಕೊಂಡಳು.

"ಯಾಕೆ ತಾಯಿ?" ಅಂದರು ಮಹಾರಾಜರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇವರು ನನ್ನ ಪರವಾಗಿ ನಿಯಮಾ ತಗೊಂಡಾರ್ರಿ. ಹಂಗಾರ ನಾನೂ ನಮ್ಮ ಮನಿಯವರ ಪರವಾಗಿ ಒಂದ ತಗೋತೀನಿ. ನಾಕ ತಿಂಗಳ ಸಂಜಿ ಅಡಗಿ ಅವರ ಮಾಡ್ತಾರ, ನಾ ಒಲಿ ಮುಟ್ಟಂಗಿಲ್ಲ! ನಡದ್ರ ಎರಡೂ ನಡೀಲ್ರಿ, ಇಲ್ಲಂದ್ರ ಎರಡೂ ಬ್ಯಾಡ್ರಿ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಪಾರಿಸನ ಕಿವಿ ಕೆಂಪಾದವು. ಕಾಶಿಬಾಯಿ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಹಾರಾಜರ ಕಡೆಗೇ ತಿರುಗಿದಳು.

"ಬಿಟ್ಟದ್ದ ಭಾಳ ಐತ್ರಿ ಮಹಾರಾಜ್ರ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟೆ. ತವರ ಬಿಟ್ಟೆ. ಬೇಕಾದ ಸೀರಿ ಬಿಟ್ಟೆ. ಅದನ್ನೆಲ್ಲ ತ್ಯಾಗ ಅಂತ ಯಾರೂ ಅನ್ನಲಿಲ್ಲ. ಈಗ ಕೈಗೆ ಒಂದ ಬಣ್ಣ ಸಿಕ್ಕೈತಿ. ಇದನ್ನ ಬಿಡಸಾಕ ಇಷ್ಟ ಮಂದಿ ಯಾಕ ಬೇಕ್ರಿ?"

ಮಹಾರಾಜರು ಪಿಂಛಿಯನ್ನು ಮಡಿಲಲ್ಲೇ ಇಟ್ಟುಕೊಂಡರು. "ಇನ್ನೊಬ್ಬರ ವಸ್ತುವನ್ನು ನಾವು ಬಿಡುವುದು ತ್ಯಾಗವಲ್ಲ. ಎರಡೂ ಇಲ್ಲ," ಅಂದರು. ಆಮೇಲೆ, "ನಿಮ್ಮದು ಅಂತ ಏನು ಬಿಡುತ್ತೀರಿ ತಾಯಿ?" ಅಂತ ಕೇಳಿದರು.

ಕಾಶಿಬಾಯಿ ಯೋಚಿಸಲೇ ಇಲ್ಲ. "ಕರಿ ಬಣ್ಣ ಬಿಡ್ತೀನ್ರಿ. ನಾಕ ತಿಂಗಳ ನೆರಳಿಗೆ ಕರಿ ಮುಟ್ಟಂಗಿಲ್ಲ."

"ಅದು ನಿಮಗೆ ಕಷ್ಟವೇ?"

"ಭಾಳ ಕಷ್ಟ್ರಿ. ಕೈ ತಾನಾ ಅದಕ್ಕ ಹೋಗತೈತಿ."

ಮಹಾರಾಜರು ಪಿಂಛಿ ಎತ್ತಿದರು. ಆಮೇಲೆ ಚಂಪಾಬಾಯಿಯ ಕಡೆ ತಿರುಗಿ, "ನಿಮ್ಮದೇನಮ್ಮ?" ಅಂದರು. ಚಂಪಾಬಾಯಿ ತಡವರಿಸಿ ಹಾಗಲಕಾಯಿ ಬಿಟ್ಟಳು. ಅವಳು ಹಾಗಲಕಾಯಿ ತಿಂದದ್ದನ್ನು ಬೋರಗಾಂವದಲ್ಲಿ ನೋಡಿದವರು ಯಾರೂ ಇಲ್ಲ.

ಮರುದಿನ ಸಂಜೆ ಕರೆಂಟು ಹೋಯಿತು. ಮಗ್ಗ ನಿಂತವು. ಕಾಶಿಬಾಯಿ ಬಾಗಿಲಿಗೆ ಬೆನ್ನು ಕೊಟ್ಟು ಮುಖಪುಟ ತೆರೆದಳು. ಸಪಾಟು ಬಣ್ಣ ಮುಗಿದಿತ್ತು, ಕುಂಕುಮ ಇಟ್ಟಾಗಿತ್ತು, ಗದ್ದದ ಕೆಳಗಿನ ನೆರಳು ಬಾಕಿ. ಪೆನ್ನು ಸೀದಾ ಕರಿಗೆ ಹೋಯಿತು. "ಹುಂ!" ಅಂತ ಗದರಿ ಹಿಂದಕ್ಕೆ ತಂದಳು. ಕೆಂಪು ಬೆರೆತ ಕಂದು ತೆಗೆದು ಅಂಚು ಚೂಪಾಗಿ ಎಳೆದಳು. ಬಟ್ಟಲಗಣ್ಣಿಯ ಮುಖಕ್ಕೆ ರಕ್ತದ ಕಳೆ ಬಂತು.

ಪಾರಿಸ ಶೆಡ್ಡಿನಿಂದ ಬಂದು ಬಾಗಿಲಲ್ಲಿ ನಿಂತ. ಸೂರ್ಯನನ್ನು ನೋಡಿದ. ಒಲೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಕೆಮ್ಮಿದ.

"ಎರಡೂ ಇಲ್ಲ ಅಂದಾರ ಮಹಾರಾಜ್ರು," ಅಂದ.

"ಹೌದ್ರಿ. ನಾನೂ ಏನೂ ಅನ್ನಂಗಿಲ್ಲ. ಹಸಿವಿ ನಿಮ್ದ, ಹೊತ್ತ ಮುಣಗಾಕ ಇನ್ನೂ ಟೈಮ್ ಐತಿ. ಅಕ್ಕಿ ಡಬ್ಬಿ ಕಟ್ಟಿ ಮ್ಯಾಲ ಐತಿ."

ಅವನು ಒಳಗೆ ಹೋದ. ಆಮೇಲೆ ಒಳಗೆ ಡಬ್ಬಿಯ ಮುಚ್ಚಳ ಬಿದ್ದ ಸದ್ದಾಯಿತು, ಅಕ್ಕಿ ಚೆಲ್ಲಿದ ಸದ್ದಾಯಿತು. ಕಾಶಿಬಾಯಿ ತಲೆ ಎತ್ತಲಿಲ್ಲ.

"ನೀರ ಎಷ್ಟ ಹಾಕಬೇಕ?" ಒಳಗಿನಿಂದ ದನಿ ಬಂತು.

"ತಡೀರಿ," ಅಂದಳು ಕಾಶಿಬಾಯಿ. "ನೆರಳ ಮುಗೀಲಿ."