ಡ್ರಿಲ್ ಮಾಸ್ತರನ ಹೃದಯ

ಮೂವತ್ತು ವರ್ಷ ನಾನು ರೋಣದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಓಡುವುದು ಮಕ್ಕಳ ಕೆಲಸ, ಸೀಟಿ ಊದುವುದು ನನ್ನ ಕೆಲಸ. ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಮಿರ್ಚಿ ಭಜಿ ತಿನ್ನುತ್ತ, "ಮೊಣಕಾಲ್ ಎತ್ತಿ ಓಡ್ರಲೇ!" ಎಂದು ಕೂಗುವುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ. ನಿವೃತ್ತನಾದಾಗ ನನ್ನ ತೂಕ ನೂರಾ ನಾಲ್ಕು ಕಿಲೋ. ಸನ್ಮಾನದ ಹಾರ ಹೊಟ್ಟೆಯ ಮೇಲೆ ಆರಾಮಾಗಿ ಮಲಗಿತ್ತು.

ಮರುವರ್ಷ ಮಾಳಿಗೆಯ ಮೆಟ್ಟಿಲು ಹತ್ತುವಾಗ ಉಸಿರು ಸಾಲದೆ ನಡುವೆಯೇ ಕೂತುಬಿಟ್ಟೆ. ಕಾಲು ಬೇರೆ ಬಾತಿದ್ದವು. ಹೆಂಡತಿ ಗದಗಿನ ದವಾಖಾನೆಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಎದೆಯ ಸ್ಕ್ಯಾನ್ ಮಾಡಿ ಪರದೆ ತೋರಿಸಿದರು. ನನ್ನ ಹೃದಯ ಸೋಮಾರಿ ಹುಡುಗನಂತೆ ಒಲ್ಲದ ಮನಸ್ಸಿನಿಂದ ಮಿಸುಕಾಡುತ್ತಿತ್ತು.

"ಪಂಪ್ ಮಾಡೋ ಶಕ್ತಿ ಕಡಿಮಿ ಆಗೇತ್ರಿ ಸರ್. ಗುಳಿಗಿ ಬರದ ಕೊಡ್ತೀನಿ. ತೂಕ ಇಳಸ್ರಿ. ಬಾವು ಇಳದ ಮ್ಯಾಲೆ ನಿಧಾನಕ್ಕ ನಡ್ಯಾಕ ಶುರು ಮಾಡ್ರಿ."

"ನಾ ಡ್ರಿಲ್ ಮಾಸ್ತರ್ರೀ. ನನಗ ವ್ಯಾಯಾಮ ಹೇಳ್ತೀರೇನು?"

"ಗೊತ್ತೈತ್ರಿ. ನಿಮ್ಮ ಸಾಲ್ಯಾಗ ಕಲತಾಕಿ ನಾ. ತಡ ಆದ್ರ ಮೂರು ರೌಂಡ್ ಓಡಸ್ತಿದ್ರಿ. ನೀವು ಓಡಿದ್ದು ಮಾತ್ರ ಒಮ್ಮಿನೂ ನೋಡಿಲ್ರಿ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ಬಾವು ಇಳಿದ ಮೇಲೆ ಜಕ್ಕಲಿ ರಸ್ತೆಯಲ್ಲಿ ನಡಿಗೆ ಶುರುವಾಯಿತು. ಗೆಳೆಯರದೊಂದು ವಾಕಿಂಗ್ ಗುಂಪಿತ್ತು. ಅವರು ಒಂದು ಕಿಲೋಮೀಟರ್ ನಡೆದು, ಗಿರ್ಮಿಟ್ ತಿಂದು, ದೇಶದ ಆರೋಗ್ಯದ ಬಗ್ಗೆ ಚಿಂತಿಸಿ, ಟಂಟಂ ಹತ್ತಿ ವಾಪಸಾಗುತ್ತಿದ್ದರು. ತಿಂಗಳು ಅವರ ಜೊತೆ ಹೋಗಿ ಎರಡು ಕಿಲೋ ಏರಿಸಿಕೊಂಡೆ. ಆಮೇಲೆ ಹೆಂಡತಿಯೇ ಜೊತೆಗೆ ಬಂದಳು. ಅವಳು ಮುಂದೆ, ನಾನು ಹಿಂದೆ. ಹಳೆಯ ವಿದ್ಯಾರ್ಥಿಗಳು ಗಾಡಿ ನಿಲ್ಲಿಸಿ, "ಮೊಣಕಾಲ್ ಎತ್ರಿ ಸರ್!" ಅನ್ನುತ್ತಿದ್ದರು. ಅವಮಾನಕ್ಕೂ ಒಂದಿಷ್ಟು ಕೊಬ್ಬು ಕರಗಿರಬೇಕು.

ಎಂಟು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳಿದೆ. ಮತ್ತೆ ಸ್ಕ್ಯಾನ್ ಆಯಿತು. ಹೃದಯ ಮೊದಲಿಗಿಂತ ಜೋರಾಗಿ ಹಿಂಡುತ್ತಿದೆ, ಆದರೆ ಪೂರ್ತಿ ಸರಿಯಾಗಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ಹೆಂಡತಿ ಚಾಡಿ ಹೇಳಿದಳು:

"ಬರೇ ನಡದು ಗುಣ ಮಾಡ್ಕೊಂಡೆ ಅಂತ ಊರೆಲ್ಲಾ ಭಾಷಣ ಮಾಡ್ಯಾರ್ರೀ. ಗುಳಿಗಿ ಬಿಡಬೇಕಂತ ನಡಸ್ಯಾರ."

"ಗುಳಿಗಿ ಬಿಟ್ರ ಇಷ್ಟು ದಿನದ್ದೆಲ್ಲಾ ನೀರಾಗ ಹೋಗ್ತೈತ್ರಿ ಸರ್. ನಡಿಗಿನೂ ಬೇಕು, ಗುಳಿಗಿನೂ ಬೇಕು," ಎಂದು ಅವರು ಗದರಿದರು. ನಾನು ಕೈಕಟ್ಟಿ ನಿಂತು ತಲೆಯಾಡಿಸಿದೆ.

ರೋಣದಲ್ಲಿ ಬಸ್ಸಿಳಿದು ಆಟೋಕ್ಕೆ ಕೈ ಮಾಡಿದೆ. ಆಟೋ ಬಂದು ನಿಂತಿತು. ಹೆಂಡತಿ ಆಗಲೇ ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿದಿದ್ದಳು. ಆಟೋದವನಿಗೆ "ತಪ್ಪ ತಿಳೀಬ್ಯಾಡಪಾ" ಎಂದು ಹೇಳಿ ಅವಳ ಹಿಂದೆ ಹೊರಟೆ.