ಕತ್ತು ನೋಡುವ ಡಾಕ್ಟರು

ವುಲ್ವರ್‌ಹ್ಯಾಂಪ್ಟನ್ನಿನ ಡಾಕ್ಟರ್ ಅಚ್ಯುತ ಅವರು ಭಾನುವಾರ ಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನ ಕ್ಯಾಸಿನೊಗೆ ಟ್ರ್ಯಾಕ್‌ಸೂಟಿನಲ್ಲೇ ಬರುತ್ತಾರೆ, ಏಕೆಂದರೆ ಹೆಂಡತಿ ಉಷಾ ಅವರ ಪ್ರಕಾರ ಆ ಹೊತ್ತಿಗೆ ಗಂಡ ಜಿಮ್‌ನಲ್ಲಿ ಬೆವರು ಸುರಿಸುತ್ತಿರಬೇಕು. ಪೋಕರ್ ಕೋಣೆಯಲ್ಲಿ ತೀರಾ ಅಗ್ಗದ ಮೇಜು ಹುಡುಕಿ, ಅದರಡಿ ಬೂಟು ಕಳಚಿ, ಪುಕ್ಕಟೆ ಚಹಾದ ಜೊತೆಗೆ ಜೇಬಿನ ಕೋಡುಬಳೆಯನ್ನು ಕಟುಂ ಎಂದು ಕಡಿಯುತ್ತಾರೆ. "ಕತ್ತು ನೋಡ್ರೀ, ಕತ್ತು. ಮುಖ ಸುಳ್ಳು ಹೇಳತ್ತೆ, ನಾಡಿ ಹೇಳಲ್ಲ" ಎಂದು ಪಕ್ಕದಲ್ಲಿ ಕೂರುವ ಬೆಂಗಳೂರಿನ ಎಂಜಿನಿಯರ್ ಪೃಥ್ವಿಗೆ ಪ್ರತಿ ವಾರ ಪಾಠ ಹೇಳುತ್ತಾರೆ. ಯಾರಾದರೂ ಕೈಯಲ್ಲಿ ಒಳ್ಳೆಯ ಇಸ್ಪೀಟೆಲೆ ಇಲ್ಲದೆಯೂ ಇದೆಯೆಂದು ಬ್ಲಫ್ ಮಾಡಿದರೆ ಸಾಕು, ಅವರ ಕತ್ತಿನ ನರ ಕುಣಿಯುತ್ತದೆ, ಡಾಕ್ಟರು ಪಣದ ಬಿಲ್ಲೆಗಳನ್ನು ಬಾಚಿಕೊಳ್ಳುತ್ತಾರೆ. ಮೂವತ್ತು ವರ್ಷ ರೋಗಿಗಳ ಮೇಲೆ ಕಲಿತ ವಿದ್ಯೆಯನ್ನು ಹೀಗೆ ಚಿಲ್ಲರೆ ಕಾಸಿಗೆ ಮಾರಿಕೊಳ್ಳಲು ಅವರಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಕಳೆದ ಚಳಿಗಾಲದಲ್ಲೊಮ್ಮೆ ಮಾತ್ರ, ನಿವೃತ್ತ ಬಸ್ ಡ್ರೈವರ್ ಕೆನ್ ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದಾಗ, ಕೈಯಲ್ಲಿ ಎರಡು ಎಕ್ಕ ಹಿಡಿದು ಗೆಲುವು ಖಾತ್ರಿಯೆಂದು ಕೂತಿದ್ದ ಡಾಕ್ಟರು ಅವನ ಕತ್ತನ್ನೇ ಅರ್ಧ ನಿಮಿಷ ನೋಡಿ, ಎಲೆಗಳನ್ನು ಕವುಚಿಟ್ಟು ಆಟ ಬಿಟ್ಟುಕೊಟ್ಟು, ಬರಿಯ ಕಾಲುಚೀಲದಲ್ಲೇ ಮೇಜು ಬಳಸಿ ಹೋಗಿ ಅವನ ಮಣಿಕಟ್ಟು ಹಿಡಿದರು. ನಾಡಿ ನಾಲ್ಕು ಬಡಿದು ಒಂದು ಬಿಡುತ್ತಿತ್ತು. ಅಲ್ಲಿಂದಲೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಈಗ ಎದೆಯಲ್ಲಿ ಪೇಸ್‌ಮೇಕರ್ ಹೊತ್ತ ಕೆನ್, ಮೇಜಿಗೆ ಬರುವ ಹೊಸಬರಿಗೆಲ್ಲ "ಅವತ್ತು ನನ್ನ ಕೈಲಿ ಏನೂ ಇರ್ಲಿಲ್ಲ, ಆದ್ರೂ ಡಾಕ್ಟರು ಹೆದರಿ ಎಲೆ ಇಟ್ಬಿಟ್ರು" ಎಂದು ಕೊಚ್ಚಿಕೊಳ್ಳುತ್ತಾನೆ. ಡಾಕ್ಟರು ಕೋಡುಬಳೆ ಮುರಿಯುತ್ತಾ, "ಹೌದು, ಹೆದರಿದ್ದೆ" ಎನ್ನುತ್ತಾರೆ.