ಸೇತುವೆಯ ಮೇಲಿನ ಬಿಳಿ ಕಾರು

ನಮ್ಮ ಸಭೆಯಲ್ಲಿ ಪ್ರಭುಭೋಜನದ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ ನಾನು ಮಕ್ಕಳನ್ನು ಕರೆದುಕೊಂಡು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಸಂಡೇ ಸ್ಕೂಲಿನ ಅಕ್ಕೋರು ನಾನು. ಗದ್ದಲದ ಮಕ್ಕಳನ್ನು ಹಿಡಿದಿಡುವುದೂ ಒಂದು ಸೇವೆ ಎಂದು ಎಲ್ಲರೂ ತಿಳಿದಿದ್ದರು. ಹಾಗೆ ತಿಳಿಯಲಿ ಎಂದೇ ನಾನು ಕೂರುತ್ತಿದ್ದೆ.

ಪ್ರಭುಭೋಜನದ ಹಿಂದಿನ ಶನಿವಾರ, ಯಾರಿಗೆ ಅನ್ಯಾಯ ಮಾಡಿದ್ದೇವೋ ಅವರ ಮನೆಗೆ ಹೋಗಿ ಮುಖ ನೋಡಿ ಮಾತಾಡಿ ಬರಬೇಕೆಂಬುದು ನಮ್ಮ ಸಭೆಯ ಹಳೆಯ ಪದ್ಧತಿ. ಕೆಲವರು ಬಾಗಿಲಲ್ಲೇ ನಿಂತು “ತಪ್ಪಾತ್ರಿ” ಎಂದು, ಚಹಾಕ್ಕೂ ಕಾಯದೆ ಓಡಿ ಬರುತ್ತಾರೆ. ಆದರೂ ಹೋಗುತ್ತಾರೆ. ಹೋಗದವರು ರೊಟ್ಟಿ ಹಂಚುವ ಮೇಜಿನ ಹತ್ತಿರ ಬರುವುದಿಲ್ಲ. ನಾನು ಹೋಗಬೇಕಾದ ಮನೆ ಮಿಶ್ರಿಕೋಟಿಯಲ್ಲಿತ್ತು. ಒಂದು ವರ್ಷವಾದರೂ ಹೋಗಿರಲಿಲ್ಲ.

ನಡೆದದ್ದು ಇಷ್ಟು. ಸಂಜೆ, ಇನ್ನೂ ಬೆಳಕಿತ್ತು. ನಾನು ಸ್ಕೂಟಿಯಲ್ಲಿದ್ದೆ. ಮುಂದೆ ಒಬ್ಬರು ಅರಳೆಯ ಗಂಟು ಕಟ್ಟಿದ ಸೈಕಲ್ ತಳ್ಳಿಕೊಂಡು ಹೊರಟಿದ್ದರು. ನನ್ನ ಎಡಗಡೆಯ ಕನ್ನಡಿ ಆ ಗಂಟಿಗೆ ತಾಗಿತು. ಮೂವತ್ತು ಹೆಜ್ಜೆ ಮುಂದೆ ಹೋಗಿ ನಿಂತೆ. ಎಡಗಡೆಯದು ತಿರುಗಿಹೋಗಿತ್ತು, ಬಲಗಡೆಯ ಕನ್ನಡಿಯಲ್ಲಿ ನೋಡಿದೆ. ಸೈಕಲ್ ಬಿದ್ದಿತ್ತು. ಅರಳೆ ಚೆಲ್ಲಿತ್ತು. ಅವರು ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಏಳುತ್ತಿದ್ದರು. ಎದ್ದರಲ್ಲ, ಎಂದುಕೊಂಡು ಹೊರಟುಬಿಟ್ಟೆ. ವಾರದ ಮೇಲೆ ಬಸ್ಸಿನಲ್ಲಿ ಯಾರೋ ಮಾತಾಡಿದ್ದು ಕೇಳಿತು: ಮಿಶ್ರಿಕೋಟಿಯ ಗಾದಿ ತುಂಬುವ ಕಾಕಾನ ಕೈ ಮುರಿದಿದೆ, ಗಾಡಿ ಯಾರದೋ ಗೊತ್ತಿಲ್ಲ.

ಬೇವಿನ ಕೆಳಗೆ ಮಕ್ಕಳು ನನ್ನ ಕತೆ ಕೇಳುತ್ತಿರಲಿಲ್ಲ. ಅವರೇ ನನಗೆ ಸೂಪರ್ ಹೀರೋ ಸಿನಿಮಾಗಳ ಕತೆ ಹೇಳುತ್ತಿದ್ದರು. ಹಾರುವವನು, ಗೋಡೆ ಒಡೆಯುವವನು, ಸತ್ತು ಮತ್ತೆ ಏಳುವವನು. ಸತ್ತು ಏಳುವುದೆಂದಾಗ ನನ್ನ ಕಿವಿ ನೆಟ್ಟಗಾಯಿತು. ಮಗಳ ಫೋನಿನಲ್ಲಿ ಹಿಂದಿಗೆ ಡಬ್ ಆದ ಒಂದನ್ನು ನೋಡಿದೆ. ಆಮೇಲೆ ಇನ್ನೊಂದು, ಮತ್ತೊಂದು. ಪಾಠದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕಂಡದ್ದನ್ನು ಬರೆಯತೊಡಗಿದೆ. ಹೀರೋ ಆಕಾಶದಿಂದ ಬೀಳುವಾಗ ಎರಡೂ ತೋಳು ಚಾಚಿದ್ದವು, ಶಿಲುಬೆಯ ಮೇಲಿದ್ದ ಹಾಗೆ. ದುಷ್ಟ ಅವನನ್ನು ಎತ್ತರದ ಕಟ್ಟಡದ ತುದಿಗೆ ಕರೆದೊಯ್ದು, ನನ್ನ ಜೊತೆ ಸೇರು, ಈ ಊರೆಲ್ಲ ನಿನ್ನದೇ ಎಂದ. ಅಡವಿಯಲ್ಲಿ ಸೈತಾನ ಲೋಕವನ್ನೇ ಕೊಡುತ್ತೇನೆಂದು ಕ್ರಿಸ್ತನಿಗೆ ಒಡ್ಡಿದ ಶೋಧನೆಯೂ ಇಂಥದ್ದೇ ಅಲ್ಲವೇ? ಯಾರು ಯಾರಿಂದ ತೆಗೆದುಕೊಂಡರು? ಅಥವಾ ಮನುಷ್ಯರಿಗೆ ಹೇಳಿಕೊಳ್ಳಲು ಇರುವುದೇ ಒಂದು ಕತೆಯೇ?

ಸಭಾಪಾಲಕರಿಗೆ ನೋಟ್‌ಬುಕ್ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರಾ ಓದಿದರು.

“ಅಕ್ಕೋರ, ಮುಂದಿನ ವಾರದ ಪ್ರಸಂಗ ನೀವ ಮಾಡ್ರಿ. ನಾ ಹಿಂದ ಚುರುಮುರಿ ತಿನ್ಕೋತ ಕೂಡ್ತೀನಿ.”

ನನಗೆ ಹೆಚ್ಚು ಹಿಡಿಸಿದ್ದು ಒಬ್ಬ ದುಷ್ಟ. ಬೇರೆ ಲೋಕದಿಂದ ಬಂದವನಲ್ಲ. ಒಳ್ಳೆಯ ಎಂಜಿನಿಯರ್. ಒಂದು ಅಪಘಾತವನ್ನು ಮುಚ್ಚಿಡಲು ಒಂದು ಸುಳ್ಳು ಹೇಳುತ್ತಾನೆ, ಅದನ್ನು ಕಾಯಲು ಇನ್ನೊಂದು. ಕೊನೆಗೆ ಮುಖವಾಡ ಹಾಕಿಕೊಂಡು ಸೇತುವೆ ಮುರಿಯುತ್ತಾನೆ. ಸಿನಿಮಾ ಮುಗಿಯುವಾಗ ಹೀರೋನ ಮೇಲೆ ಬಂದ ಏಟಿಗೆ ತಾನೇ ಅಡ್ಡ ಬಿದ್ದು ಸಾಯುತ್ತಾನೆ. ಹೀರೋ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ನಾನು ಅತ್ತೆ.

ಮುಂದಿನ ಪ್ರಭುಭೋಜನದ ಭಾನುವಾರ ಮಕ್ಕಳಿಗೆ, “ನೋಡ್ರಿ, ಕಡೀ ಗಳಿಗ್ಯಾಗೂ ಅವನಿಗೆ ಪಾಪದಿಂದ ಬಿಡುಗಡೆ ಸಿಕ್ತು,” ಎಂದೆ.

ಐದನೇ ಇಯತ್ತೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಅಲ್ರಿ ಅಕ್ಕೋರ, ಅಂವ ಸೇತುವಿ ಮುರದಾಗ ಒಂದ್ ಬಿಳಿ ಕಾರು ಜೋತಾಡ್ತಿತ್ತಲ್ರಿ. ಅದರಾಗಿನವ್ರು ಏನಾದ್ರು?”

“ಏ ಹುಚ್ಚಿ, ಅವ್ರೇನ ಹೀರೋ ಏನ?” ಎಂದು ಪಕ್ಕದವನು ನಕ್ಕ. ಎಲ್ಲರೂ ನಕ್ಕರು.

ಅವಳು ನಗಲಿಲ್ಲ. “ಅಂವ ಸತ್ತು ಪಾರಾದ. ಅವ್ರ ಮನೀಗೆ ಯಾರ ಹೋಗ್ಬೇಕ್ರಿ ಮತ್ತ?”

ಪ್ರಾರ್ಥನೆ ಹೇಳಿಸಿ ಮಕ್ಕಳನ್ನು ಕಳಿಸಿದೆ. ಮನೆಗೆ ಹೋಗಿ ಆ ಭಾಗವನ್ನು ಮತ್ತೆ ಹಾಕಿ ನೋಡಿದೆ. ಕಾರು ಕಾಣುವುದು ಎರಡು ಉಸಿರಿನಷ್ಟು ಹೊತ್ತು. ಗಾಜಿನ ಮೇಲೆ ಒಂದು ಅಂಗೈ ಇದೆ. ನಾನು ಅದನ್ನು ಮೊದಲು ಕಂಡೇ ಇರಲಿಲ್ಲ. ಫೋನನ್ನು ಬೋರಲು ಇಟ್ಟೆ.

ಮುಂದಿನ ಪ್ರಭುಭೋಜನಕ್ಕೆ ಮುಂಚಿನ ಶನಿವಾರ ಮಿಶ್ರಿಕೋಟಿಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಗಾದಿ ಹೊಲಿಯುತ್ತಿದ್ದರು. ಅವರ ಹೆಂಡತಿ ಎದುರಿಗೆ ಕುಳಿತು ಅದರ ಅಂಚನ್ನು ಬಿಗಿಯಾಗಿ ಹಿಡಿದಿದ್ದರು.

“ಬರ್ರಿ, ಗಾದಿ ತುಂಬಿಸ್ಬೇಕೇನ್ರಿ?”

“ಇಲ್ಲ ಕಾಕಾ. ಹೋದ ವರ್ಷ ನಿಮ್ಮ ಸೈಕಲ್‌ಗೆ ತಾಗಿಸಿದ ಸ್ಕೂಟಿ ನಂದು.”

ಸೂಜಿ ನಿಂತಿತು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನೀವಾ? ಹೆಲ್ಮೆಟ್ ಇತ್ತಲ್ರಿ. ಗಂಡಸು ಅಂತ ತಿಳ್ಕೊಂಡಿದ್ದೆ.”

“ವರ್ಷಪೂರ್ತಿ ಬೈದದ್ದೆಲ್ಲಾ ಯಾವನೋ ಗಂಡಸಿಗೆ ಹೋತು,” ಎಂದರು ಹೆಂಡತಿ. “ಇನ್ನ ಮತ್ತ ಮೊದಲಿಂದ ಬೈಬೇಕು.”

ಕಾಕಾ ನಗಲಿಲ್ಲ. “ಹಿಂದಿನ ಲಾಲ್ ದೀಪ ಹತ್ತಿತ್ರಿ. ನಿಂತ್ರು, ಈಗ ಬರ್ತಾರ ಅಂತ ನೋಡಿದೆ. ಆಮ್ಯಾಲ ದೀಪ ಆರಿತು.”

ಇದು ನನಗೆ ತಿಳಿದಿರಲಿಲ್ಲ. ನಾನು ಕನ್ನಡಿಯಲ್ಲಿ ಅವರನ್ನು ನೋಡುತ್ತಿದ್ದಾಗ ಅವರೂ ನನ್ನನ್ನು ನೋಡುತ್ತಿದ್ದರು. “ತಪ್ಪಾತ್ರಿ,” ಎಂದೆ. ನನಗೇ ಕೇಳಿಸದಷ್ಟು ಸಣ್ಣ ದನಿ.

ಅವರು ಎಡಗೈ ಚಾಚಿದರು. ಮಣಿಕಟ್ಟಿನಲ್ಲಿ ಎಲುಬು ಸೊಟ್ಟಗೆ ಕೂಡಿತ್ತು. “ಮಾಫಿ ಮಾತು ಆಮ್ಯಾಲ ನೋಡೂಣು. ಈ ಕೈಗೆ ಹಿಡಿತ ಇಲ್ಲ. ಇಕಿ ಒಲಿ ಮುಂದ ಹೋದ್ರ ನನ್ನ ಕೆಲಸ ನಿಂತಂಗ. ಬರ್ರಿ, ಅಂಚು ಹಿಡೀರಿ.”

ಹೆಂಡತಿ ಎದ್ದು ಒಳಗೆ ಹೋದರು. ನಾನು ಅವರ ಜಾಗದಲ್ಲಿ ಕುಳಿತೆ. ಎರಡು ಸಲ ದಬ್ಬಳದಂಥ ಸೂಜಿ ಹೆಬ್ಬೆರಳಿಗೆ ಚುಚ್ಚಿತು. “ಬಿಗಿ ಹಿಡೀರಿ, ಸ್ಕೂಟಿ ಹ್ಯಾಂಡಲ್ ಅಲ್ಲದು,” ಎಂದರು ಕಾಕಾ. ಒಂದು ಗಾದಿ ಮುಗಿಯಿತು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಮುಂದಿನ ಶನಿವಾರ ಇನ್ನೆರಡು ಗಾದಿ ಇವೆ ಎಂದರು.

ಮರುದಿನ ಬೇವಿನ ಕೆಳಗೆ ನನ್ನ ಬದಲು ನನ್ನ ಮಗಳು ಕುಳಿತಳು. ನಾನು ಒಳಗೆ ಹೊರಟಾಗ ಆ ಹುಡುಗಿ ಸೆರಗು ಹಿಡಿದಳು. “ಅಕ್ಕೋರ, ಕಾರಿನವ್ರದು ಹೇಳಲೇ ಇಲ್ಲ ನೀವು.”

“ಅವ್ರ ಮನೀಗೆ ನಿನ್ನೆ ಹೋಗಿದ್ದೆ.”

ಅವಳ ಕಣ್ಣು ದೊಡ್ಡವಾದವು. “ಏನಂದ್ರು?”

“ಅಂಚು ಹಿಡಿ ಅಂದ್ರು,” ಎಂದೆ. ಒಳಗೆ ಹೋಗಿ ಪ್ರಭುಭೋಜನದ ಸಾಲಿನಲ್ಲಿ ಕೊನೆಯವಳಾಗಿ ನಿಂತೆ.